ಸೊಂಟ ಬಗ್ಗಿಸಬೇಡಿ, ಹಿಪ್ ಬಗ್ಗಿಸಿ: ಡೆಡ್‌ಲಿಫ್ಟ್ ನನಗೆ ಕಲಿಸಿದ ಪಾಠ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಮಾತು ಶುರು ಮಾಡೋ ಮುಂಚೆ ನಿಮ್ಮ ಕೈಲಿ ಒಂದು ಸಣ್ಣ ಕೆಲಸ ಮಾಡಿಸ್ತೀನಿ. ಬಸ್ಸಲ್ಲೋ ಮೆಟ್ರೋದಲ್ಲೋ ಇದ್ರೆ ಬೇಡ, ಮನೇಲಿದ್ರೆ ಮಾತ್ರ. ಎದ್ದು ನಿಂತ್ಕೊಳ್ಳಿ. ನಿಮ್ಮ ಚಪ್ಪಲಿ ಕಾಲ ಮುಂದೆ ನೆಲದ ಮೇಲಿದೆ ಅಂದ್ಕೊಂಡು ಬಗ್ಗಿ ಎತ್ಕೊಳ್ಳಿ.

ಆಯ್ತಾ? ಈಗ ಹೇಳಿ, ಎಲ್ಲಿಂದ ಬಗ್ಗಿದ್ರಿ? ಬೆನ್ನು ಬಿಲ್ಲಿನ ಹಾಗೆ ಬಾಗಿತಾ? ಅಥವಾ ಹಿಂಭಾಗ ಹಿಂದಕ್ಕೆ ಹೋಗಿ, ಬೆನ್ನು ಹಲಗೆ ಥರ ಹಾಗೇ ಇತ್ತಾ?

ಚಪ್ಪಲಿ ಎತ್ತೋಕೆ ಹೇಗೆ ಬಗ್ಗಿದ್ರೂ ಏನೂ ಆಗಲ್ಲ, ಹೆದರಬೇಡಿ. ಆದ್ರೆ ಚಪ್ಪಲಿ ಜಾಗದಲ್ಲಿ 100 ಕೆಜಿ ಇದ್ರೆ? ಈ ಎರಡು ಬಗೆಯ ಬಗ್ಗುವಿಕೆ ನಡುವಿನ ವ್ಯತ್ಯಾಸ ನನಗೆ ಗೊತ್ತಾಗೋಕೆ ಮೂರು ವಾರ ಹಾಸಿಗೆ ಹಿಡೀಬೇಕಾಯ್ತು. ಇವತ್ತಿನ ಸಂಚಿಕೆ ಅದರ ಬಗ್ಗೆ.

ಅವತ್ತು ಏನಾಯ್ತು

ಬೆಂಗಳೂರಲ್ಲಿ ಪಿಜಿಯಲ್ಲಿದ್ದಾಗಿನ ಮಾತು. ಜಿಮ್ ಸೇರಿ ಎಂಟು ತಿಂಗಳಾಗಿತ್ತು. ಹಿಂದಿನ ವಾರ ಡೆಡ್‌ಲಿಫ್ಟ್‌ನಲ್ಲಿ 80 ಕೆಜಿ ಎತ್ತಿದ್ದೆ, ಅದೂ ಕಷ್ಟಪಟ್ಟು. ಅವತ್ತು ಫ್ರೆಂಡು ಜೊತೆಗಿದ್ದ. "ಮೂರಂಕಿ ನೋಡೇ ಬಿಡೋಣ ಗುರು" ಅಂದ. ಬಾರ್‌ಗೆ 100 ಹಾಕಿದ್ವಿ. ಅವನು ಫೋನ್ ಹಿಡಿದು ಎದುರಿಗೆ ನಿಂತ.

ಒಂದು ರೆಪ್ ಬಂತು. ಎರಡನೇದೂ ಬಂತು. ಮೂರನೇದಕ್ಕೆ ಬಾರ್ ನೆಲ ಬಿಟ್ಟು ಒಂದು ಗೇಣು ಎದ್ದಿತ್ತಷ್ಟೇ, ಬೆನ್ನಿನ ಕೆಳಭಾಗದಲ್ಲಿ ಯಾರೋ ದಾರ ಕಿತ್ತ ಹಾಗಾಯ್ತು. ಬಾರ್ ಬಿಟ್ಟೆ. ನೆಟ್ಟಗೆ ನಿಲ್ಲೋಕೂ ಆಗ್ಲಿಲ್ಲ, ಕೂರೋಕೂ ಆಗ್ಲಿಲ್ಲ. ಫ್ರೆಂಡು ಆಟೋ ಕರೆದ. ಆಟೋ ಹತ್ತೋಕೆ ಹತ್ತು ನಿಮಿಷ ಬೇಕಾಯ್ತು.

ಡಾಕ್ಟರ್ ನೋಡಿ ಸ್ನಾಯು ಎಳೆದಿದೆ ಅಂದ್ರು. ದೊಡ್ಡ ತೊಂದರೆ ಇರ್ಲಿಲ್ಲ, ಪುಣ್ಯಕ್ಕೆ. ರಜೆ ಹಾಕಿ ಊರಿಗೆ ಹೋದೆ. ಸಾಕ್ಸ್ ಹಾಕ್ಕೊಳ್ಳೋಕೂ ಅಮ್ಮನೇ ಬೇಕು ಅನ್ನೋ ಸ್ಥಿತಿ. ಮೂರನೇ ದಿನ ಗ್ಯಾಸ್ ಸಿಲಿಂಡರ್ ಬಂತು. ತಂದವನು ಬಾಗಿಲಲ್ಲಿ ಇಟ್ಟು ಹೋದ. ನಾನು ಅಭ್ಯಾಸಬಲದಿಂದ ಎದ್ದೆ.

"ಬಿಡಪ್ಪ, ನೀನು ಮಲಕ್ಕೋ. ನಾನೇ ಎತ್ತೀನಿ" ಅಂದ್ರು ಅಮ್ಮ.

ತುಂಬಿದ ಸಿಲಿಂಡರ್ ಅಂದ್ರೆ ಒಳಗೆ 14.2 ಕೆಜಿ ಗ್ಯಾಸು, ಜೊತೆಗೆ ಕಬ್ಬಿಣದ ತೂಕ, ಎಲ್ಲ ಸೇರಿ ಸುಮಾರು 30 ಕೆಜಿ. ಅಮ್ಮ ಅದರ ಹತ್ತಿರ ಹೋಗಿ, ಕಾಲು ಎರಡೂ ಕಡೆ ಅಗಲ ಮಾಡಿ, ಹಿಂಭಾಗ ಹಿಂದಕ್ಕೆ ತಳ್ಳಿ ಕೆಳಗಿಳಿದು, ಸಿಲಿಂಡರನ್ನ ಮೈಗೆ ಒತ್ಕೊಂಡು ಎದ್ದು, ಅಡುಗೆಮನೆಗೆ ನಾಲ್ಕು ಹೆಜ್ಜೆ ನಡೆದು ಇಟ್ರು. ಜಿಮ್ ಮುಖ ನೋಡದವರು. ಪ್ರೋಟೀನ್ ಡಬ್ಬ, ಗ್ಲೌಸು, ಬೆಲ್ಟು ಎಲ್ಲ ಇಟ್ಕೊಂಡಿದ್ದ ಮಗ ಮಂಚದ ಮೇಲೆ ಮಲಗಿ ನೋಡ್ತಿದ್ದ.

'ಸೊಂಟ' ಅನ್ನೋ ಪದದ ಗೊಂದಲ

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಫಿಸಿಯೋಥೆರಪಿಸ್ಟ್ ಹತ್ರ ಹೋದೆ. ಅವರು ಕೇಳಿದ ಮೊದಲನೇ ಪ್ರಶ್ನೆ: "ಡೆಡ್‌ಲಿಫ್ಟ್ ಮಾಡುವಾಗ ಎಲ್ಲಿಂದ ಬಗ್ತಿದ್ರಿ?"

"ಸೊಂಟದಿಂದ ಮೇಡಂ. ಟ್ರೈನರ್ ಸೊಂಟ ಬಗ್ಗಿಸು ಅಂತಾನೇ ಹೇಳಿದ್ರು."

"ಸೊಂಟ ಅಂದ್ರೆ ಎಲ್ಲಿ? ಕೈ ಇಟ್ಟು ತೋರ್ಸಿ."

ನಾನು ಬೆನ್ನಿನ ಕೆಳಗೆ, ಬೆಲ್ಟು ಕಟ್ಟೋ ಜಾಗದಲ್ಲಿ ಕೈ ಇಟ್ಟೆ. ಅವರು ನಕ್ಕರು. ಸಮಸ್ಯೆ ಅಲ್ಲೇ ಇತ್ತು.

ಯೋಚನೆ ಮಾಡಿ. ನಮ್ಮಲ್ಲಿ 'ಸೊಂಟ ನೋವು' ಅಂದ್ರೆ ಕೆಳಬೆನ್ನಿನ ನೋವು. ಹಾಗಾಗಿ 'ಸೊಂಟ ಬಗ್ಗಿಸು' ಅಂದ ತಕ್ಷಣ ನಾವು ಬಗ್ಗಿಸೋದು ಕೆಳಬೆನ್ನನ್ನ. ಆದ್ರೆ ಭಾರ ಎತ್ತುವಾಗ ಬಗ್ಗಬೇಕಾಗಿರೋದು ಅದಲ್ಲ. ಅದಕ್ಕಿಂತ ಕೆಳಗೆ, ತೊಡೆಯ ಮೂಳೆ ಹೋಗಿ ಕೂರೋ ಕೀಲು, ಹಿಪ್. ಕೂತಾಗ ಪ್ಯಾಂಟಿನ ಮುಂದೆ, ಜೇಬಿನ ಹತ್ರ ಮಡಿಕೆ ಬೀಳುತ್ತಲ್ಲ, ಆ ಜಾಗ. ಬಾಗಿಲಿಗೆ ಹಿಂಜು ಇದ್ದ ಹಾಗೆ ನಮ್ಮ ಮೈಗೆ ಅದೇ ಹಿಂಜು. ಅದಕ್ಕೇ ಈ ಚಲನೆಗೆ ಹಿಪ್ ಹಿಂಜ್ ಅಂತ ಹೆಸರು.

ಹಿಪ್ ದೊಡ್ಡ ಕೀಲು. ಅದರ ಸುತ್ತ ಪೃಷ್ಠದ ಸ್ನಾಯು, ತೊಡೆಯ ಹಿಂಭಾಗದ ಸ್ನಾಯು ಇವೆ, ಎರಡೂ ಬಲಶಾಲಿ. ಭಾರ ಎತ್ತೋ ಕೆಲಸ ಅವುಗಳದ್ದು. ಬೆನ್ನಿನ ಕೆಲಸ ಬೇರೆ: ಅಲುಗಾಡದೆ ಇದ್ದು, ಕಾಲಲ್ಲಿ ಹುಟ್ಟಿದ ಶಕ್ತೀನ ಕೈವರೆಗೆ ಮುಟ್ಟಿಸೋದು. ನಾನು ಬೆನ್ನಿನ ಕೈಲಿ ಕಾಲಿನ ಕೆಲಸ ಮಾಡಿಸ್ತಿದ್ದೆ.

ಅವರು ನನಗೆ ಮೊದಲು ಕಲಿಸಿದ್ದು ಎರಡು ಅಭ್ಯಾಸ. ಮನೇಲೇ ಮಾಡಬಹುದು.

ಒಂದು, ಗೋಡೆ ಅಭ್ಯಾಸ. ಗೋಡೆಗೆ ಬೆನ್ನು ಮಾಡಿ, ಒಂದು ಅಡಿ ದೂರ ನಿಂತ್ಕೊಳ್ಳಿ. ಮಂಡಿ ಸ್ವಲ್ಪ ಸಡಿಲ ಇರ್ಲಿ. ಈಗ ಕೆಳಗೆ ಕೂರಬೇಡಿ, ಹಿಂಭಾಗವನ್ನ ಹಿಂದಕ್ಕೆ ತಳ್ಳಿ ಗೋಡೆ ಮುಟ್ಟಿಸಿ. ಎರಡೂ ಕೈಲಿ ಸಾಮಾನು ಹಿಡ್ಕೊಂಡಾಗ ಹಿಂಭಾಗದಿಂದ ಬಾಗಿಲು ತಳ್ತೀವಲ್ಲ, ಹಾಗೆ. ತೊಡೆ ಹಿಂದೆ ಎಳೆತ ಗೊತ್ತಾಗಬೇಕು. ಸುಲಭ ಆಯ್ತು ಅನ್ನಿಸಿದ್ರೆ ಎರಡಿಂಚು ಮುಂದೆ ಬಂದು ಮತ್ತೆ ಮಾಡಿ.

ಎರಡು, ಕೋಲಿನ ಅಭ್ಯಾಸ. ಮಾಪ್ ಕೋಲು ಸಾಕು. ಬೆನ್ನಿಗೆ ಉದ್ದಕ್ಕೆ ಹಿಡ್ಕೊಳ್ಳಿ. ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬಾಲದ ಮೂಳೆ. ಈಗ ಹಿಪ್‌ನಿಂದ ಬಗ್ಗಿ. ಮೂರರಲ್ಲಿ ಯಾವುದಾದ್ರೂ ಒಂದು ಜಾಗ ಕೋಲು ಬಿಡ್ತು ಅಂದ್ರೆ ಅಲ್ಲಿ ಬೆನ್ನೋ ಕತ್ತೋ ಆಕಾರ ಬದಲಾಯಿಸಿತು ಅಂತ ಅರ್ಥ. ನನಗೆ ಮೊದಲನೇ ದಿನ ಅರ್ಧ ಬಗ್ಗೋವಷ್ಟರಲ್ಲಿ ಬಾಲದ ಮೂಳೆ ಹತ್ರ ಕೋಲು ಬಿಟ್ಟುಹೋಗಿತ್ತು.

ಇಲ್ಲಿ ಒಂದು ಮಾತು. ಬೆನ್ನು ನೇರ ಅಂದ್ರೆ ಸ್ಕೇಲ್ ಥರ ನೇರ ಅಲ್ಲ. ಬೆನ್ನುಮೂಳೆಗೆ ತನ್ನದೇ ಸಣ್ಣ ಬಾಗು ಇದೆ. ನಿಂತಾಗ ಇರೋ ಆ ಬಾಗು ಬಗ್ಗಿದಾಗಲೂ ಹೆಚ್ಚು ಕಮ್ಮಿ ಹಾಗೇ ಇರ್ಲಿ ಅನ್ನೋದಷ್ಟೇ. ಎದೆ ಉಬ್ಬಿಸಿ ಬೆನ್ನನ್ನ ಹಿಂದಕ್ಕೆ ಬಾಗಿಸೋದೂ ಬೇಡ.

ಬಾರ್ ಮೈಗೆ ಹತ್ತಿರ ಯಾಕಿರಬೇಕು

20 ಲೀಟರ್ ನೀರಿನ ಕ್ಯಾನ್ ಎಲ್ಲರೂ ಎತ್ತಿರ್ತೀರಿ. ಎದೆಗೆ ಅವಚಿಕೊಂಡು ಎತ್ತೋದಕ್ಕೂ, ಕೈ ಚಾಚಿ ಎತ್ತೋದಕ್ಕೂ ಎಷ್ಟು ವ್ಯತ್ಯಾಸ! ನೀರು ಅಷ್ಟೇ ಇದೆ, ದೂರ ಜಾಸ್ತಿ ಆಗಿದೆ. ಏತ, ಮೀಟುಗೋಲು, ತಕ್ಕಡಿ, ಇವುಗಳ ಲೆಕ್ಕಾನೇ ಇಲ್ಲೂ ನಡೆಯೋದು.

ಒಂದು ಉದಾಹರಣೆ. ಬಾರ್ ಮೇಲೆ 60 ಕೆಜಿ ಇದೆ. ಹಿಪ್ ಕೀಲಿಂದ ಬಾರ್‌ವರೆಗಿನ ಅಡ್ಡ ದೂರ 25 ಸೆಂ.ಮೀ. ಅಂದ್ಕೊಳ್ಳಿ. ಬಾರ್ ಮುಂದಕ್ಕೆ ಜಾರಿ ಅದು 35 ಸೆಂ.ಮೀ. ಆಯ್ತು. ಬರೀ 10 ಸೆಂ.ಮೀ. ಆದ್ರೆ ಹಿಪ್ ಮೇಲೆ ಬೀಳೋ ಹೊರೆ ಶೇ 40ರಷ್ಟು ಜಾಸ್ತಿ. 60 ಕೆಜಿ ಎತ್ತುತ್ತಾ ನೀವು 84 ಕೆಜಿ ಎತ್ತಿದಷ್ಟು ಕಷ್ಟ ಪಡ್ತಿರ್ತೀರಿ, ಅದನ್ನ ತಡೆಯೋ ಬೆನ್ನಿನ ಸ್ನಾಯುಗೂ ಕೆಲಸ ಅದೇ ರೀತಿ ಏರುತ್ತೆ. ಅಮ್ಮ ಸಿಲಿಂಡರನ್ನ ಮೈಗೆ ಒತ್ಕೊಂಡಿದ್ದು ಇದಕ್ಕೇ. ಅವರಿಗೆ ಲೆಕ್ಕ ಗೊತ್ತಿರ್ಲಿಲ್ಲ, ಭಾರ ಗೊತ್ತಿತ್ತು.

ಡೆಡ್‌ಲಿಫ್ಟ್, ಹಂತ ಹಂತವಾಗಿ

ಈಗ ಬಾರ್ ಹತ್ರ ಬನ್ನಿ. ನಿಧಾನಕ್ಕೆ ಹೇಳ್ತೀನಿ.

ಮೊದಲು ಬಾರ್ ಎತ್ತರ. ಸ್ಪರ್ಧೆಯಲ್ಲಿ ಬಳಸೋ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ. ಅಂದ್ರೆ ಬಾರ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತೆ. ಸಣ್ಣ ಪ್ಲೇಟ್ ಹಾಕಿದ್ರೆ ಬಾರ್ ಇನ್ನೂ ಕೆಳಗೆ, ನೀವು ಇನ್ನೂ ಜಾಸ್ತಿ ಬಗ್ಗಬೇಕು, ಬೆನ್ನು ಬಾಗೋದೂ ಬೇಗ. ಹಾಗಾಗಿ ಸಣ್ಣ ಪ್ಲೇಟ್ ಇದ್ರೆ ಎರಡೂ ಕಡೆ ಕೆಳಗೆ ಬೇರೆ ಪ್ಲೇಟೋ ಮರದ ಹಲಗೆಯೋ ಇಟ್ಟು ಎತ್ತರ ಮಾಡ್ಕೊಳ್ಳಿ. ನಾಚಿಕೆ ಪಡೋ ವಿಷಯ ಅಲ್ಲ.

ಕಾಲು. ಬಾರ್ ಪಾದದ ನಡುಭಾಗದ ಮೇಲೆ ಬರಬೇಕು, ಅಂದ್ರೆ ಶೂ ಲೇಸಿನ ಗಂಟಿನ ಮೇಲೆ. ಮೊಣಕಾಲ ಕೆಳಗಿನ ಮೂಳೆಗೂ ಬಾರ್‌ಗೂ ಒಂದಿಂಚು ಜಾಗ. ಮೆತ್ತನೆ ಸೋಲಿನ ರನ್ನಿಂಗ್ ಶೂ ಬೇಡ, ಹಾಸಿಗೆ ಮೇಲೆ ನಿಂತು ಎತ್ತಿದ ಹಾಗೆ. ಚಪ್ಪಟೆ ಸೋಲಿನ ಕ್ಯಾನ್ವಾಸ್ ಶೂ ಸಾಕು.

ಕೈ. ಹಿಪ್ ಹಿಂದಕ್ಕೆ ತಳ್ಳುತ್ತಾ ಬಗ್ಗಿ ಬಾರ್ ಹಿಡೀರಿ. ಆಮೇಲೆ ಮಂಡಿ ಮುಂದಕ್ಕೆ ತಂದು ಕಾಲು ಬಾರ್‌ಗೆ ತಾಗೋ ಹಾಗೆ ಮಾಡಿ. ಬಾರನ್ನ ಕಾಲ ಹತ್ರ ಉರುಳಿಸಬೇಡಿ, ಕಾಲು ಬಾರ್ ಹತ್ರ ಬರ್ಲಿ.

ಕಂಕುಳು. ಎರಡೂ ಕಂಕುಳಲ್ಲಿ ಮಡಚಿದ ನ್ಯೂಸ್‌ಪೇಪರ್ ಇದೆ, ಬೀಳಬಾರದು ಅಂದ್ಕೊಂಡು ಬಿಗಿ ಮಾಡಿ. ಇದ್ರಿಂದ ಬೆನ್ನಿನ ಅಗಲದ ಸ್ನಾಯು ಎಚ್ಚರ ಆಗುತ್ತೆ, ಬಾರ್ ಮುಂದಕ್ಕೆ ಜಾರಲ್ಲ.

ಉಸಿರು. ಬಹಳ ಜನ ಬಿಟ್ಟುಬಿಡೋದು ಇದನ್ನೇ. ಹೊಟ್ಟೆ ತುಂಬ ಉಸಿರು ತಗೊಳ್ಳಿ, ಎದೆಗಲ್ಲ. ಹೊಟ್ಟೆ ಮುಂದಕ್ಕೆ ಮಾತ್ರ ಅಲ್ಲ, ಪಕ್ಕಕ್ಕೂ ಹಿಂದಕ್ಕೂ ಹಿಗ್ಗಬೇಕು. ಈಗ ಯಾರೋ ಹೊಟ್ಟೆಗೆ ಗುದ್ದೋಕೆ ಬಂದ್ರು ಅನ್ನೋ ಹಾಗೆ ಬಿಗಿ ಹಿಡೀರಿ. ಗಾಳಿ ತುಂಬಿದ ಟಯರು ಲಾರಿ ಹೊರುತ್ತೆ, ಪಂಕ್ಚರ್ ಆದದ್ದು ಹೊರಲ್ಲ. ಹಾಗೇ ಹೊಟ್ಟೆಯೊಳಗಿನ ಒತ್ತಡ ಬೆನ್ನುಮೂಳೆಗೆ ಮುಂದಿನಿಂದ ಆಸರೆ. ಬೆಲ್ಟ್ ಕೆಲಸಾನೂ ಇಷ್ಟೇ. ಅದು ತಾನಾಗಿ ಬೆನ್ನು ಕಾಯಲ್ಲ, ಹೊಟ್ಟೆ ಒತ್ತೋಕೆ ಒಂದು ಗೋಡೆ ಕೊಡುತ್ತೆ. ಉಸಿರು ಬಿಗಿ ಹಿಡಿಯೋದು ಗೊತ್ತಿಲ್ಲದೆ ಬೆಲ್ಟ್ ಕಟ್ಟಿದ್ರೆ ಅದು ಬರೀ ಅಲಂಕಾರ, ನನ್ನ ಬೆಲ್ಟ್ ಇದ್ದ ಹಾಗೆ. ಒಂದು ಎಚ್ಚರಿಕೆ: ಉಸಿರು ಕಟ್ಟಿ ಎತ್ತುವಾಗ ಬಿಪಿ ಏರುತ್ತೆ. ಬಿಪಿ, ಹೃದಯದ ತೊಂದರೆ, ಹರ್ನಿಯಾ ಇರೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಹೀಗೆ ಮಾಡಬೇಡಿ.

ಎಳೆಯೋದು. ಬಾರನ್ನ ಒಮ್ಮೆಲೇ ಕಿತ್ತು ಎಳೀಬೇಡಿ. ಮೊದಲು ಮೆಲ್ಲಗೆ ಎಳೆದು ಸಡಿಲ ತೆಗೀರಿ. ಬಾರ್ ಪ್ಲೇಟಿಗೆ ತಾಗಿದ 'ಟಕ್' ಸದ್ದು ಬರುತ್ತೆ. ಈಗ ಬಾರ್ ಎತ್ತೋ ಯೋಚನೆ ಬಿಟ್ಟು, ಕಾಲಿಂದ ನೆಲ ಒತ್ತಿ. ಹಿಪ್ಪೂ ಹೆಗಲೂ ಒಟ್ಟಿಗೆ ಏಳಬೇಕು. ಹಿಪ್ ಮೊದಲು ಎದ್ದು ಎದೆ ಕೆಳಗೇ ಉಳಿದ್ರೆ ಪೂರ್ತಿ ಭಾರ ಬೆನ್ನಿಗೇ. ಮೇಲೆ ಬಂದಾಗ ನೆಟ್ಟಗೆ ನಿಂತ್ರೆ ಸಾಕು, ಹಿಂದಕ್ಕೆ ವಾಲಬೇಡಿ.

ಇಳಿಸೋದು. ಮೊದಲು ಹಿಪ್ ಹಿಂದಕ್ಕೆ, ಬಾರ್ ತೊಡೆ ಸವರಿಕೊಂಡು ಇಳೀಲಿ. ಮಂಡಿ ದಾಟಿದ ಮೇಲೆ ಮಂಡಿ ಮಡಿಸಿ. ಎತ್ತುವಾಗ ಸರಿಯಾಗಿದ್ದು, ಆಯ್ತಲ್ಲ ಅಂತ ಮೈಮರೆತು ಇಳಿಸುವಾಗ ನೋವು ಮಾಡ್ಕೊಂಡೋರು ಕಡಿಮೆ ಇಲ್ಲ.

ಸ್ಕ್ವಾಟು, ಬೆಂಚು: ಎರಡೆರಡು ಮಾತು

ಸ್ಕ್ವಾಟ್‌ನಲ್ಲಿ 'ಮಂಡಿ ಕಾಲ್ಬೆರಳು ದಾಟಬಾರದು' ಅಂತ ಎಲ್ಲ ಜಿಮ್‌ನಲ್ಲೂ ಹೇಳ್ತಾರೆ. ಅದೇನು ಶಾಸನ ಅಲ್ಲ. ನಾವು ಕುಕ್ಕರಗಾಲಲ್ಲಿ ಕೂರುವಾಗ, ಗರಡಿಯಲ್ಲಿ ಬಸ್ಕಿ ಹೊಡೆಯುವಾಗ ಮಂಡಿ ಬೆರಳು ದಾಟೇ ದಾಟುತ್ತೆ. ತೊಡೆ ಉದ್ದ ಇರೋರಿಗಂತೂ ದಾಟದೆ ಆಗೋದೇ ಇಲ್ಲ. ಬಲವಂತವಾಗಿ ಮಂಡಿ ತಡೆದ್ರೆ ಮೈ ಮುಂದಕ್ಕೆ ವಾಲಿ ಹೊರೆ ಬೆನ್ನಿಗೆ ಹೋಗುತ್ತೆ. ಹಿಮ್ಮಡಿ ನೆಲ ಬಿಡಬಾರದು, ಮಂಡಿ ಒಳಗೆ ಕುಸಿಯದೆ ಬೆರಳಿನ ದಿಕ್ಕಲ್ಲೇ ಹೋಗಬೇಕು. ಈ ಎರಡನ್ನ ನೋಡ್ಕೊಳ್ಳಿ.

ಬೆಂಚ್ ಪ್ರೆಸ್‌ನಲ್ಲಿ ಮೊಣಕೈಯನ್ನ ಹೆಗಲಿಗೆ ಸಮನಾಗಿ ಪೂರ್ತಿ ಅಗಲಿಸಬೇಡಿ, ಸ್ವಲ್ಪ ಮೈ ಕಡೆ ತನ್ನಿ. ಹೆಬ್ಬೆರಳು ಬಾರ್ ಸುತ್ತಿರ್ಲಿ. ಭಾರ ಜಾಸ್ತಿ ಇದ್ದಾಗ ಪಕ್ಕದಲ್ಲಿ ಒಬ್ಬರು ಬೇಕು, ಇಲ್ಲ ಸೇಫ್ಟಿ ಬಾರ್ ಇರೋ ರ್‍ಯಾಕ್ ಬೇಕು. ಎದೆ ಮೇಲೆ ಬಾರ್ ಇಟ್ಕೊಂಡು ಒಬ್ಬರೇ ಸಾಹಸ ಮಾಡೋದು ಬೇಡ.

ತೂಕ ಯಾರು ತೀರ್ಮಾನಿಸಬೇಕು

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಫಾರ್ಮ್ ಸರಿ ಇದ್ರೆ ಗಾಯವೇ ಆಗಲ್ಲ ಅಂತ ನಾನು ಹೇಳ್ತಿಲ್ಲ. ಬೆನ್ನು ಚೂರು ಬಾಗಿದ ಕೂಡಲೇ ಮುರಿದುಹೋಗುತ್ತೆ ಅಂತಾನೂ ಅಲ್ಲ. ಮೈ ಅಷ್ಟು ನಾಜೂಕಲ್ಲ, ನಿಧಾನಕ್ಕೆ ಅಭ್ಯಾಸ ಮಾಡಿಸಿದ್ರೆ ಬೇಕಾದಷ್ಟು ಹೊರುತ್ತೆ. ಅಪಾಯ ಇರೋದು ಅಭ್ಯಾಸ ಇಲ್ಲದ ಭಾರವನ್ನ ಒಮ್ಮೆಲೇ ಹೇರಿದಾಗ. ನಾನು 80ರಿಂದ 100ಕ್ಕೆ ಹಾರಿದ್ದೆ. 80ರಲ್ಲೇ ನನ್ನ ಬೆನ್ನು ಬಾಗ್ತಿತ್ತು. ಅಂದ್ರೆ 80 ಕೂಡ ನನ್ನ ತೂಕ ಆಗಿರ್ಲಿಲ್ಲ. ಫಾರ್ಮ್ ಅದನ್ನ ಮೊದಲೇ ಹೇಳ್ತಿತ್ತು, ನಾನು ಕೇಳಿಸ್ಕೊಳ್ಳಲಿಲ್ಲ.

ಫಾರ್ಮ್ ಇರೋದು ಚೆಂದ ಕಾಣೋಕಲ್ಲ. ಅದು ಮೀಟರು. ಇವತ್ತು ಎಷ್ಟು ತೂಕ ನಿಮ್ಮದು, ಎಷ್ಟು ನಿಮ್ಮದಲ್ಲ ಅಂತ ಅದು ತೋರಿಸುತ್ತೆ.

ವೇಟ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಇದು ನಿಯಮಾನೇ. ಅಲ್ಲಿ ಮೂವರು ರೆಫರಿಗಳು ಕೂತಿರ್ತಾರೆ. ಬಾರ್ ತಲೆ ಮೇಲೆ ಹೋದ್ರೆ ಸಾಲದು, ಮೊಣಕೈ ನೇರ ಇಟ್ಟು, ಅಲುಗಾಡದೆ ನಿಂತು ತೋರಿಸಬೇಕು. ಇಲ್ಲಾಂದ್ರೆ ಆ ಎತ್ತುವಿಕೆ ಲೆಕ್ಕಕ್ಕಿಲ್ಲ. ನಮ್ಮ ಕುಂದಾಪುರದ ಕಡೆಯ ಗುರುರಾಜ್ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆಜಿ ವಿಭಾಗದಲ್ಲಿ ಬೆಳ್ಳಿ ಗೆದ್ರಲ್ಲ, ಅವತ್ತು ಕ್ಲೀನ್ ಅಂಡ್ ಜರ್ಕ್‌ನಲ್ಲಿ ಅವರ ಮೊದಲ ಎರಡು ಪ್ರಯತ್ನ ವಿಫಲ. ಮೂರನೇದರಲ್ಲಿ 138 ಕೆಜಿ ಎತ್ತಿ ನಿಂತ್ರು, ಹತ್ತಿರ ಹತ್ತಿರ ತಮ್ಮ ತೂಕದ ಎರಡೂವರೆ ಪಟ್ಟು. ಒಟ್ಟು 249 ಕೆಜಿ. ಅಂಥವರಿಗೂ ಸರಿಯಾಗಿ ನಿಲ್ಲದ ಎತ್ತುವಿಕೆ ಲೆಕ್ಕಕ್ಕೆ ಬರಲ್ಲ.

ನಮ್ಮ ಜಿಮ್‌ನಲ್ಲಿ ರೆಫರಿ ಇಲ್ಲ. ಆದ್ರೆ ಕೈಲಿ ಫೋನಿದೆ. ಅದನ್ನ ಎದುರಿಗಲ್ಲ, ಪಕ್ಕದಲ್ಲಿ, ಹಿಪ್ ಎತ್ತರಕ್ಕೆ ಇಡಿ. ಬೆಂಚ್ ಮೇಲೆ ನೀರಿನ ಬಾಟಲ್‌ಗೆ ಒರಗಿಸಿದ್ರೆ ಆಯ್ತು. ಮೊದಲನೇ ರೆಪ್ ನೋಡಿ, ಕೊನೇದೂ ನೋಡಿ. ಎರಡೂ ಒಂದೇ ಥರ ಇದ್ರೆ ಮುಂದಿನ ವಾರ ಒಟ್ಟು ಎರಡೂವರೆ ಕೆಜಿ ಸೇರಿಸಿ, ಒಂದೊಂದು ಕಡೆ 1.25ರ ಪ್ಲೇಟು. ಕೊನೇದು ಬೇರೆ ಥರ ಇದ್ರೆ ತೂಕ ಇಳಿಸಿ. ಇನ್ನೂ ಎರಡು ರೆಪ್ ಆಗ್ತಿತ್ತು ಅನ್ನಿಸುವಾಗಲೇ ನಿಲ್ಲಿಸಿ. ಇದಿಷ್ಟೇ ನಿಯಮ.

ಬೆನ್ನು ಹಿಡ್ಕೊಂಡ್ರೆ ಅವತ್ತು ನಿಲ್ಲಿಸಿ. ನೋವು ಕಾಲಿಗೆ ಇಳೀತಿದ್ರೆ, ಜೋಮು ಅಥವಾ ಬಲಹೀನತೆ ಇದ್ರೆ ಡಾಕ್ಟರ್ ಹತ್ರ ಹೋಗಿ. ಮೂತ್ರ, ಮಲ ಹಿಡಿತಕ್ಕೆ ಸಿಗ್ತಿಲ್ಲ, ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗ್ತಿಲ್ಲ ಅಂದ್ರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ.

ವಾಪಸ್ ಬಾರ್ ಹತ್ರ

ನಾನು ಜಿಮ್‌ಗೆ ವಾಪಸ್ ಹೋದ ದಿನ ಖಾಲಿ ಬಾರ್ ಎತ್ತಿದೆ, ಕೆಳಗೆ ಹಲಗೆ ಇಟ್ಟು. 20 ಕೆಜಿ. ಪಕ್ಕದಲ್ಲಿ ಕಾಲೇಜ್ ಹುಡುಗರು ನನ್ನ ನೋಡಿ ಏನಂದ್ಕೊಂಡ್ರೋ ಅಂತ ಕಿವಿ ಬಿಸಿಯಾಗಿತ್ತು. ಆಮೇಲೆ ಗೊತ್ತಾಯ್ತು, ಯಾರೂ ನೋಡ್ತಿರ್ಲಿಲ್ಲ. ಎಲ್ಲರೂ ಕನ್ನಡೀಲಿ ತಮ್ಮನ್ನೇ ನೋಡ್ಕೊತಿದ್ರು. ಮತ್ತೆ 100 ಮುಟ್ಟೋಕೆ ಒಂದು ವರ್ಷಕ್ಕಿಂತ ಹೆಚ್ಚೇ ಹಿಡೀತು. ಈ ಸಲ ಐದು ರೆಪ್, ಐದೂ ಒಂದೇ ಥರ.

ಕಳೆದ ತಿಂಗಳು ಪಕ್ಕದ ರ್‍ಯಾಕ್‌ನಲ್ಲಿ ಒಬ್ಬ ಹುಡುಗ ಡೆಡ್‌ಲಿಫ್ಟ್ ಮಾಡ್ತಿದ್ದ. ಬೆನ್ನು ಕೊಡೆಯ ಹಿಡಿ ಥರ ಬಾಗಿತ್ತು. ಹೇಳಲೋ ಬೇಡವೋ ಅಂತ ಒಂದು ಸೆಟ್ ಪೂರ್ತಿ ಯೋಚಿಸಿದೆ. ಕೇಳದೆ ಸಲಹೆ ಕೊಡೋರು ನನಗೂ ಆಗಲ್ಲ. ಕೊನೆಗೆ ಹೋಗಿ, "ಬ್ರೋ, ಪಕ್ಕದಿಂದ ಒಂದು ವಿಡಿಯೋ ತೆಗೀಲಾ?" ಅಂದೆ. ಖುಷಿಯಿಂದ ಫೋನ್ ಕೊಟ್ಟ. ತೆಗೆದು ತೋರಿಸಿದೆ. ಎರಡು ಸಲ ನೋಡಿದ. ಏನೂ ಮಾತಾಡಲಿಲ್ಲ. ಹೋಗಿ ಎರಡೂ ಕಡೆಯಿಂದ ಒಂದೊಂದು ಪ್ಲೇಟ್ ತೆಗೆದ.

ನೀವೂ ನಾಳೆ ಒಂದು ವಿಡಿಯೋ ತೆಗೀರಿ. ರೀಲ್ಸ್‌ಗೆ ಹಾಕಬೇಡಿ, ನೀವು ಮಾತ್ರ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.